ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೀದಿಯಲ್ಲಿ ಮಕ್ಕಳು ಚಿನ್ನಿದಾಂಡು ಆಡುವಾಗ, ಇನ್ನೂ ಆಡಲು ಬಾರದ ಎಳೆಯ ತಮ್ಮನೊಬ್ಬನು ತನ್ನನ್ನೂ ಸೇರಿಸಿಕೊಳ್ಳಿರೆಂದು ಹಟ ಹಿಡಿಯುವುದುಂಟು. ದೊಡ್ಡ ಹುಡುಗರು ಅವನನ್ನು ಸೇರಿಸಿಕೊಂಡು, 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವನು ಓಡಬಹುದು, ಕುಣಿಯಬಹುದು, ದಾಂಡನ್ನೂ ಬೀಸಬಹುದು. ಆದರೆ ಅವನು ಸೋತರೆ ಯಾರಿಗೂ ಸೋಲಲ್ಲ, ಗೆದ್ದರೆ ಯಾರಿಗೂ ಗೆಲುವಲ್ಲ. ಕನ್ನಡಿಗರ ನಾಲಗೆಯ ಮೇಲೆ ಗಾದೆಯಂತೆ ನೆಲೆಸಿರುವ ಈ ಮಾತನ್ನು ಎಳೆಯ ಮಕ್ಕಳಿಗಲ್ಲ, ಜಗತ್ತಿನ ಅತ್ಯಂತ ಸಮರ್ಥ ಆಟಗಾರರಿಗೇ ಅನ್ವಯಿಸಬೇಕಾದ ಒಂದು ಸಂದರ್ಭವಿದೆ. ಅಮೆರಿಕಾ ದೇಶದ ವೃತ್ತಿನಿರತ ಬ್ಯಾಸ್ಕೆಟ್‌ಬಾಲ್ ಆಟಗಾರರು ಸಾಮಾನ್ಯವಾಗಿ ಫೆಬ್ರವರಿ ತಿಂಗಳಲ್ಲಿ ನಡೆಸುವ 'ಆಲ್ ಸ್ಟಾರ್' ವಾರಾಂತ್ಯವೇ ಆ ಸಂದರ್ಭ.

ಅಲ್ಲಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆಯುಂಟು. ಎನ್.ಬಿ.ಎ. ಎಂಬುದು ಅದರ ಕಿರುಹೆಸರು. ಅದರಲ್ಲಿ ೩೦ ತಂಡಗಳಿವೆ. ಋತುವೊಂದರಲ್ಲಿ ಒಂದೊಂದು ತಂಡವೂ ೮೨ ಪಂದ್ಯಗಳನ್ನಾಡಬೇಕು. ಪ್ರತಿಯೊಂದು ಗೆಲುವೂ ಪ್ರತಿಯೊಂದು ಸೋಲೂ ಪಟ್ಟಿಗೆ ಏರುತ್ತದೆ. ಋತುವಿನ ನಡುವೆ ಕೆಲವು ದಿನ ಈ ಪಟ್ಟಿಯನ್ನು ಕಟ್ಟಿಟ್ಟು, ಎಲ್ಲ ತಂಡಗಳಿಂದಲೂ ಆಯ್ದ ಹೆಸರಾಂತ ಆಟಗಾರರನ್ನು ಒಂದೇ ಊರಿಗೆ ಕರೆತರುತ್ತಾರೆ. ಶುಕ್ರವಾರ ವೃತ್ತಿಗೆ ಹೊಸದಾಗಿ ಬಂದ ತರುಣರ ಪಂದ್ಯ. ಶನಿವಾರ ಒಬ್ಬೊಬ್ಬರ ಕೈಚಳಕದ ಸ್ಪರ್ಧೆಗಳು. ಭಾನುವಾರ ನಕ್ಷತ್ರಗಳೆಲ್ಲ ಒಟ್ಟುಗೂಡುವ ಪ್ರದರ್ಶನ ಪಂದ್ಯ. ಇವುಗಳಲ್ಲಿ ಯಾವುದರ ಫಲಿತಾಂಶವೂ ಋತುವಿನ ಪಟ್ಟಿಗೆ ಸೇರುವುದಿಲ್ಲ. ಹಾಗಾದರೆ ಲೆಕ್ಕಕ್ಕಿಲ್ಲದ ಈ ಆಟಕ್ಕೆ ಬೆಲೆ ಬರುವುದು ಎಲ್ಲಿಂದ? ಅದು ಬೆಲೆ ಕಳೆದುಕೊಳ್ಳುವುದು ಯಾವಾಗ? ಈ ಎರಡು ಪ್ರಶ್ನೆಗಳನ್ನು ಓದುಗರೊಡನೆ ಕುಳಿತು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ನೀವು ಹೈಸ್ಕೂಲು ಕಾಲೇಜುಗಳ ಮೈದಾನದಲ್ಲಿ ಕಂಡೇ ಇರುತ್ತೀರಿ. ೧೮೯೧ರಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು, ಚಳಿಗಾಲದಲ್ಲಿ ಹೊರಗೆ ಆಡಲಾರದ ತನ್ನ ವಿದ್ಯಾರ್ಥಿಗಳಿಗಾಗಿ, ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ತೂಗಿಸಿ ಕಲ್ಪಿಸಿದ ಆಟ ಇದು. ಬುಟ್ಟಿಯ ಸ್ಥಾನಕ್ಕೆ ಈಗ ಕಬ್ಬಿಣದ ಬಳೆ ಬಂದಿದೆ. ನೆಲದಿಂದ ಅದರ ಎತ್ತರ ೧೦ ಅಡಿ, ಅಡ್ಡಳತೆ ೧೮ ಅಂಗುಲ. ಹತ್ತಿರದಿಂದ ಚೆಂಡು ಹಾಕಿದರೆ ಎರಡು ಅಂಕ. ದೂರದ ಕಮಾನುಗೆರೆಯ ಆಚೆಯಿಂದ ಎಸೆದು ಹಾಕಿದರೆ ಮೂರು ಅಂಕ, ಎನ್.ಬಿ.ಎ. ಅಂಗಳದಲ್ಲಿ ಈ ಗೆರೆ ನಡುವೆ ೨೩ ಅಡಿ ೯ ಅಂಗುಲ, ಮೂಲೆಗಳಲ್ಲಿ ೨೨ ಅಡಿ ದೂರದಲ್ಲಿದೆ. ಎದುರಾಳಿಯು ತಪ್ಪಾಗಿ ಅಡ್ಡಿಮಾಡಿದಾಗ, ಯಾರ ತಡೆಯೂ ಇಲ್ಲದೆ ಚೆಂಡು ಎಸೆಯಲು ಬೇರೊಂದು ಗೆರೆಯುಂಟು. ಅದಕ್ಕೆ ಫ್ರೀ ಥ್ರೋ ಗೆರೆ ಎಂದು ಹೆಸರು. ಅದು ಹಿಂಬದಿಯ ಹಲಗೆಯಿಂದ ೧೫ ಅಡಿ ದೂರ. ಇಷ್ಟು ಅಳತೆಗಳು ನೆನಪಿನಲ್ಲಿದ್ದರೆ ಮುಂದಿನ ಕಥೆ ಸುಲಭ.

ಮೊಟ್ಟಮೊದಲ ಆಲ್ ಸ್ಟಾರ್ ಪಂದ್ಯ ನಡೆದದ್ದು ೧೯೫೧ರ ಮಾರ್ಚ್ ೨ರಂದು, ಬಾಸ್ಟನ್ ನಗರದಲ್ಲಿ. ಅದು ಹುಟ್ಟಿದ್ದು ಉತ್ಸಾಹದಿಂದಲ್ಲ, ಸಂಕಟದಿಂದ. ಆ ವರ್ಷದ ಆರಂಭದಲ್ಲಿ ನ್ಯೂಯಾರ್ಕಿನ ಕಾಲೇಜು ತಂಡಗಳ ಕೆಲವು ಆಟಗಾರರು ಜೂಜುಕೋರರಿಂದ ಹಣ ಪಡೆದು ಆಟವನ್ನು ಕೆಡಿಸಿದ್ದರೆಂಬುದು ಬಯಲಾಯಿತು. ಅವರು ಮಾಡುತ್ತಿದ್ದ ಮೋಸ ಬಹು ಸೂಕ್ಷ್ಮವಾದದ್ದು. ಪಂದ್ಯವನ್ನು ಸೋಲಬೇಕಾಗಿಯೂ ಇರಲಿಲ್ಲ. ಹತ್ತು ಅಂಕಗಳಿಂದ ಗೆಲ್ಲಬಹುದಾದ ಕಡೆ ಮೂರು ನಾಲ್ಕರಿಂದ ಗೆದ್ದರೆ ಸಾಕು, ಗೆಲುವಿನ ಅಂತರದ ಮೇಲೆ ಪಣವೊಡ್ಡಿದವನಿಗೆ ಹಣ ಬರುತ್ತಿತ್ತು. ಹೀಗೆ ಲೆಕ್ಕವೇ ಮಾರಾಟಕ್ಕೆ ಬಿದ್ದಾಗ ನೋಡುವವನು ಯಾವುದನ್ನು ನಂಬಬೇಕು? ಕಾಲೇಜು ತಂಡಗಳ ಕಳಂಕ ಇಡೀ ಆಟಕ್ಕೇ ಅಂಟಿಕೊಂಡಿತು.

ಎನ್.ಬಿ.ಎ. ಆಗಿನ್ನೂ ಬಡ ಸಂಸ್ಥೆ. ಅದರ ಪಂದ್ಯಗಳಿಗೆ ಸರಾಸರಿ ಮೂರೂವರೆ ಸಾವಿರ ಜನ ಸೇರುತ್ತಿದ್ದರು. ಸಂಸ್ಥೆಯ ಪ್ರಚಾರಾಧಿಕಾರಿ ಹ್ಯಾಸ್ಕೆಲ್ ಕೋಹೆನ್ ಎಂಬಾತನು, ಉತ್ತಮ ಆಟಗಾರರನ್ನೆಲ್ಲ ಪೂರ್ವ ಪಶ್ಚಿಮ ಎಂದು ಎರಡು ಬಣ ಮಾಡಿ ಒಂದು ಪ್ರದರ್ಶನ ಪಂದ್ಯ ಆಡಿಸೋಣವೆಂದು ಸೂಚಿಸಿದ. ಅಧ್ಯಕ್ಷ ಮಾರಿಸ್ ಪೊಡೊಲಾಫ್‌ಗೆ ಇದು ನಗೆಪಾಟಲಾದೀತೆಂಬ ಅಂಜಿಕೆ. ಬಾಸ್ಟನ್ ತಂಡದ ಒಡೆಯ ವಾಲ್ಟರ್ ಬ್ರೌನ್ ಮಾತ್ರ, 'ನಷ್ಟವಾದರೆ ನಾನು ಹೊರುತ್ತೇನೆ' ಎಂಬ ಭರವಸೆ ಕೊಟ್ಟು ಮುಂದೆ ನಿಂತ. ಆ ರಾತ್ರಿ ೧೦,೦೯೪ ಜನ ಬಂದರು. ಪೂರ್ವ ಬಣ ೧೧೧, ಪಶ್ಚಿಮ ಬಣ ೯೪. ಲೆಕ್ಕವಿದ್ದ ಪಂದ್ಯಗಳು ಕಳೆದ ಮಾನವನ್ನು, ಲೆಕ್ಕವಿಲ್ಲದ ಪಂದ್ಯವೊಂದು ತಂದುಕೊಡತೊಡಗಿತು. ಪಣವಾಗಲಿ ಪಟ್ಟಿಯಾಗಲಿ ಇಲ್ಲದಿದ್ದರೂ ಇವರು ಮನಸ್ಸಿಟ್ಟು ಆಡುತ್ತಾರೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಹದಿಮೂರು ವರ್ಷಗಳ ಬಳಿಕ, ೧೯೬೪ರ ಜನವರಿ ೧೪ರಂದು, ಅದೇ ಬಾಸ್ಟನ್ನಿನಲ್ಲಿ ಇನ್ನೊಂದು ಆಲ್ ಸ್ಟಾರ್ ಪಂದ್ಯ. ಹೊರಗೆ ಹಿಮದ ಬಿರುಗಾಳಿ. ದೇಶದಾದ್ಯಂತ ಟೆಲಿವಿಷನ್ನಿನಲ್ಲಿ ಪಂದ್ಯವನ್ನು ತೋರಿಸಲು ಏರ್ಪಾಡಾಗಿದೆ. ಆದರೆ ಆಟಗಾರರು ಅಂಗಳಕ್ಕೆ ಬರಲೊಲ್ಲರು! ಅವರ ಬೇಡಿಕೆ ಒಂದೇ: ಆಟ ಮುಗಿಸಿದವರಿಗೆ ನಿವೃತ್ತಿವೇತನದ ವ್ಯವಸ್ಥೆ. ಬ್ಯಾಸ್ಕೆಟ್‌ಬಾಲ್ ಆಟಗಾರನ ದುಡಿಮೆಯ ಕಾಲ ಚಿಕ್ಕದು. ಮೂವತ್ತೈದು ದಾಟುವುದರೊಳಗೆ ಮೊಣಕಾಲು ಸಾಕೆನ್ನುತ್ತದೆ. ಮುಂದೆ ಸಂಸಾರ ನಡೆಯುವುದು ಹೇಗೆ? ವರ್ಷವರ್ಷವೂ ಒಡೆಯರು 'ನೋಡೋಣ' ಎನ್ನುತ್ತಲೇ ಬಂದಿದ್ದರು. ಆಟಗಾರರ ಸಂಘದ ಅಧ್ಯಕ್ಷ ಟಾಮ್ ಹೈನ್‌ಸನ್, ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೊದಲಾದವರು ಉಡುಪು ತೊಡುವ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಒಡೆಯನೊಬ್ಬನಿಂದ ಗದರಿಕೆಯೂ ಬಂತು. ಅದರಿಂದ ಅವರ ಹಟ ಹೆಚ್ಚಿತಲ್ಲದೆ ಕುಗ್ಗಲಿಲ್ಲ. ಕೊನೆಗೆ ಸಂಸ್ಥೆಯ ಅಧ್ಯಕ್ಷ ವಾಲ್ಟರ್ ಕೆನೆಡಿ ನಿವೃತ್ತಿವೇತನದ ಬಗೆಗೆ ಮಾತು ಕೊಟ್ಟಮೇಲೆಯೇ ಅವರು ಎದ್ದುಬಂದರು. ಪಂದ್ಯ ಕೊಂಚ ತಡವಾಗಿ ಆರಂಭವಾಯಿತು. ಪೂರ್ವ ಬಣ ೧೧೧–೧೦೭ರಿಂದ ಗೆದ್ದಿತು.

ಓದುಗರು ಇಲ್ಲೊಂದು ಅಂಶವನ್ನು ಗಮನಿಸಬೇಕು. ಲೆಕ್ಕಕ್ಕಿರುವ ಪಂದ್ಯವೊಂದರಲ್ಲಿ ಒಂದು ತಂಡ ಆಡದೆ ನಿಂತಿದ್ದರೆ ಎದುರು ತಂಡ ಸುಮ್ಮನೆ ಗೆಲುವನ್ನು ಪಡೆಯುತ್ತಿತ್ತು. ಆಟಗಾರ ಆಟಗಾರರ ನಡುವೆಯೇ ಬಿರುಕು ಮೂಡುತ್ತಿತ್ತು. ಈ ಪಂದ್ಯದಲ್ಲಾದರೋ ಸೋಲುವವರು ಯಾರೂ ಇಲ್ಲ. ಎದುರಾಳಿಗಳೆಲ್ಲ ಒಂದೇ ಸೂರಿನಡಿ ಸೇರಿರುವುದೂ ವರ್ಷಕ್ಕೆ ಈ ಒಂದೇ ದಿನ. ಆದ್ದರಿಂದಲೇ ಅವರು ಒಗ್ಗಟ್ಟಾಗಿ ನಿಲ್ಲುವುದು ಸಾಧ್ಯವಾಯಿತು.

ಇನ್ನು ಶನಿವಾರದ ಸ್ಪರ್ಧೆಗಳ ವಿಚಾರ. ನಮ್ಮ ಭಾಷೆಯಲ್ಲಿ 'ಆಟ' ಎಂಬ ಮಾತಿಗೆ ಎರಡು ಮುಖ. ಚೆಂಡಾಟವೂ ಆಟವೇ, ಬಯಲಾಟವೂ ಆಟವೇ. ಒಂದರಲ್ಲಿ ಸೋಲುಗೆಲುವು, ಇನ್ನೊಂದರಲ್ಲಿ ವೇಷಭೂಷಣ. ಈ ಎರಡು ಅರ್ಥಗಳೂ ಒಂದೇ ಅಂಗಳದಲ್ಲಿ ಕೂಡಿ ಬಂದದ್ದು 'ಡಂಕ್' ಸ್ಪರ್ಧೆಯಲ್ಲಿ. ಡಂಕ್ ಎಂದರೆ ಆಟಗಾರನು ನೆಗೆದು, ಕೈಯನ್ನು ಬಳೆಯ ಮಟ್ಟದಿಂದ ಮೇಲಕ್ಕೆ ಒಯ್ದು, ಚೆಂಡನ್ನು ಮೇಲಿನಿಂದ ಕೆಳಕ್ಕೆ ಬಳೆಯೊಳಗೆ ತುರುಕುವುದು. ಅಮೆರಿಕಾದ ಕಾಲೇಜು ಪಂದ್ಯಗಳಲ್ಲಿ ೧೯೬೭ರಿಂದ ೧೯೭೬ರವರೆಗೆ ಇದಕ್ಕೆ ನಿಷೇಧವಿತ್ತು. ಎಷ್ಟು ಎತ್ತರಕ್ಕೆ ನೆಗೆಯಬಲ್ಲ ತರುಣನಾದರೂ ಕಾಲೇಜಿನಲ್ಲಿರುವವರೆಗೂ ಆ ವಿದ್ಯೆಯನ್ನು ಪಂದ್ಯದಲ್ಲಿ ತೋರಿಸುವಂತಿರಲಿಲ್ಲ.

ಆ ಕಾಲದಲ್ಲಿ ಎನ್.ಬಿ.ಎ.ಗೆ ಎದುರಾಗಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಇನ್ನೊಂದು ಸಂಸ್ಥೆ ಇತ್ತು. ೧೯೬೭ರಲ್ಲಿ ಆಟ ಆರಂಭಿಸಿದ ಅದು ಕೆಂಪು, ಬಿಳಿ, ನೀಲಿ ಬಣ್ಣಗಳ ಚೆಂಡನ್ನೂ ಮೂರು ಅಂಕದ ಗೆರೆಯನ್ನೂ ಬಳಕೆಗೆ ತಂದಿತು. ಆದರೆ ಹಣವಿರಲಿಲ್ಲ, ತಂಡಗಳು ಒಂದೊಂದಾಗಿ ಮುಚ್ಚಿಹೋಗಿ, ೧೯೭೬ರ ಜನವರಿಯ ವೇಳೆಗೆ ಏಳು ಮಾತ್ರ ಉಳಿದಿದ್ದುವು. ಆ ತಿಂಗಳ ೨೭ರಂದು ಡೆನ್ವರ್ ನಗರದಲ್ಲಿ ಅದರ ಆಲ್ ಸ್ಟಾರ್ ಪಂದ್ಯ. ಮೊದಲ ಸ್ಥಾನದಲ್ಲಿದ್ದ ಡೆನ್ವರ್ ತಂಡ ಒಂದು ಕಡೆ, ಉಳಿದ ತಂಡಗಳ ಆಯ್ದ ಆಟಗಾರರು ಇನ್ನೊಂದು ಕಡೆ. ಜನರನ್ನು ಸೆಳೆಯಲು ಮೊದಲಿಗೆ ಸಂಗೀತ ಕಚೇರಿ. ಪಂದ್ಯದ ವಿರಾಮದಲ್ಲಿ ಹೊಸದೊಂದು ಸ್ಪರ್ಧೆ, ಯಾರು ಎಲ್ಲರಿಗಿಂತ ಸೊಗಸಾಗಿ ಡಂಕ್ ಮಾಡುತ್ತಾರೆ ಎಂಬುದು. ಮುಳುಗುತ್ತಿದ್ದ ಹಡಗು ತನ್ನಲ್ಲಿದ್ದ ಸರಕನ್ನು ಜಗತ್ತಿಗೆ ತೋರಿಸಿದ ರಾತ್ರಿ ಅದು.

ಸ್ಪರ್ಧಿಗಳು ಐವರು. 'ಡಾಕ್ಟರ್ ಜೆ' ಎಂದು ಹೆಸರಾಗಿದ್ದ ಜೂಲಿಯಸ್ ಅರ್ವಿಂಗ್, ಫ್ರೀ ಥ್ರೋ ಗೆರೆಯಿಂದ ಹಿಂದಕ್ಕೆ ಹೆಜ್ಜೆಗಳನ್ನು ಅಳೆಯುತ್ತ ನಡೆದು, ತಿರುಗಿ, ಓಡಿಬಂದು, ಆ ಗೆರೆಯ ಬಳಿ ನೆಲವನ್ನು ಬಿಟ್ಟು ಚೆಂಡನ್ನು ಬಳೆಗೆ ಬಡಿದ. ಲೆಕ್ಕ ಹಾಕಿ ನೋಡಿ: ಗೆರೆ ಹಲಗೆಯಿಂದ ೧೫ ಅಡಿ, ಬಳೆಯ ಮುಂದಿನ ಅಂಚು ಹಲಗೆಯಿಂದ ೨ ಅಡಿ ಮುಂದಿದೆ. ಅಂದರೆ ಸುಮಾರು ೧೩ ಅಡಿ ದೂರವನ್ನು ಗಾಳಿಯಲ್ಲಿ ದಾಟಿ, ೧೦ ಅಡಿ ಎತ್ತರದ ಬಳೆಯ ಮೇಲಿನಿಂದ ಚೆಂಡನ್ನು ಇಳಿಸಬೇಕು. ಗೆದ್ದವನು ಆತನೇ. ಅದೇ ವರ್ಷ ಆ ಸಂಸ್ಥೆ ಕೊನೆಗೊಂಡು, ಅದರ ನಾಲ್ಕು ತಂಡಗಳು ಎನ್.ಬಿ.ಎ.ಗೆ ಸೇರಿದುವು. ಮೂರು ಅಂಕದ ಗೆರೆಯನ್ನು ಎನ್.ಬಿ.ಎ. ೧೯೭೯ರಲ್ಲಿ ಒಪ್ಪಿಕೊಂಡಿತು. ೧೯೮೪ರಲ್ಲಿ ಅದೇ ಡೆನ್ವರ್‌ನಲ್ಲಿ ಡಂಕ್ ಸ್ಪರ್ಧೆಯೂ ಆಲ್ ಸ್ಟಾರ್ ಕಾರ್ಯಕ್ರಮಕ್ಕೆ ಸೇರಿಕೊಂಡಿತು. ಆ ಸಲ ಲ್ಯಾರಿ ನ್ಯಾನ್ಸ್ ಎಂಬಾತ ಅರ್ವಿಂಗನನ್ನೇ ಸೋಲಿಸಿದ. ಸೋತ ಸಂಸ್ಥೆಯ ಸೊತ್ತು ಗೆದ್ದ ಸಂಸ್ಥೆಯ ಹಬ್ಬವಾಯಿತು.

೧೯೮೬ರಲ್ಲಿ ಡಲ್ಲಾಸ್ ನಗರದಲ್ಲಿ ಮೂರು ಅಂಕದ ಎಸೆತದ ಸ್ಪರ್ಧೆಯೂ ಆರಂಭವಾಯಿತು. ಇದರ ಕ್ರಮ ಬಹು ಸರಳ. ಕಮಾನುಗೆರೆಯ ಉದ್ದಕ್ಕೂ ಐದು ಕಡೆ ಚೆಂಡಿನ ಗೂಡುಗಳನ್ನಿಟ್ಟು, ಒಂದೊಂದರಲ್ಲಿ ಐದೈದು ಚೆಂಡುಗಳನ್ನು ಇಡುತ್ತಾರೆ. ಮೊದಲು ಇದ್ದ ನಿಯಮದಂತೆ ಒಂದು ನಿಮಿಷದೊಳಗೆ ೨೫ ಚೆಂಡುಗಳನ್ನೂ ಎಸೆಯಬೇಕು; ಅಂದರೆ ಒಂದು ಚೆಂಡಿಗೆ ಎರಡೂವರೆ ಸೆಕೆಂಡಿಗಿಂತ ಕಡಿಮೆ ಕಾಲ, ಗೂಡಿನಿಂದ ಗೂಡಿಗೆ ಓಡುವ ಹೊತ್ತೂ ಅದರಲ್ಲೇ! ಬಿದ್ದ ಚೆಂಡಿಗೆ ಒಂದು ಅಂಕ. ಪ್ರತಿ ಗೂಡಿನ ಕೊನೆಯದಕ್ಕೆ ಎರಡು. ಒಟ್ಟು ೩೦. ಆ ಕೊನೆಯ ಚೆಂಡಿಗೆ ಮುಚ್ಚಿಹೋದ ಸಂಸ್ಥೆಯ ಕೆಂಪು, ಬಿಳಿ, ನೀಲಿ ಬಣ್ಣವೇ ರೂಢಿಯಾಯಿತು. ೨೦೨೦ರಿಂದೀಚೆಗೆ ಎರಡು ಚೆಂಡುಗಳನ್ನು ಇನ್ನೂ ದೂರದಲ್ಲಿಟ್ಟು ಅವಕ್ಕೆ ಮೂರು ಮೂರು ಅಂಕವನ್ನೂ, ಒಂದು ಗೂಡಿನ ಐದಕ್ಕೂ ಎರಡೆರಡು ಅಂಕವನ್ನೂ ಕೊಡುತ್ತಾರೆ. ಹೀಗೆ ೨೭ ಚೆಂಡು, ೭೦ ಸೆಕೆಂಡು, ಪೂರ್ಣಾಂಕ ೪೦. ಮೊದಲ ಮೂರು ವರ್ಷವೂ ಗೆದ್ದವನು ಬಾಸ್ಟನ್ ತಂಡದ ಲ್ಯಾರಿ ಬರ್ಡ್. ೧೯೮೮ರಲ್ಲಿ ಆತ ಮೇಲಂಗಿಯನ್ನೂ ಕಳಚದೆ ಆಡಿ, ಗೆಲುವಿನ ಕೊನೆಯ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ತೋರುಬೆರಳನ್ನು ಮೇಲಕ್ಕೆತ್ತಿ ನಡೆದುಬಿಟ್ಟ. ಚೆಂಡು ಬಿತ್ತು.

ಈ ಎರಡು ಸ್ಪರ್ಧೆಗಳ ಸ್ವಭಾವ ಒಂದಕ್ಕೊಂದು ವಿರುದ್ಧ. ರೇಡಿಯೋ ಇಟ್ಟುಕೊಂಡಿರುವ ನೀವು ಇದನ್ನು ಬೇರೆಯವರಿಗಿಂತ ಬೇಗ ಗ್ರಹಿಸಬಲ್ಲಿರಿ. ಎಸೆತದ ಸ್ಪರ್ಧೆಯನ್ನು ಕಿವಿಯಿಂದಲೇ ಅನುಭವಿಸಬಹುದು. ವೀಕ್ಷಕ ವಿವರಣೆಕಾರನು 'ಬಿತ್ತು, ಬಿತ್ತು, ತಪ್ಪಿತು' ಎನ್ನುತ್ತಿದ್ದರೆ ಸಾಕು, ಮನೆಯಲ್ಲಿ ಕುಳಿತ ಹುಡುಗ ಸ್ಲೇಟು ಹಿಡಿದು ಅಂಕ ಕೂಡಬಲ್ಲ. ಚೆಂಡು ಬಳೆಯೊಳಗೆ ಬಿದ್ದಿತೋ ಇಲ್ಲವೋ ಎಂಬುದರಲ್ಲಿ ವಾದವಿಲ್ಲ. ಡಂಕ್ ಹಾಗಲ್ಲ. ಅಲ್ಲಿ ಬಹುಕಾಲ ಐವರು ತೀರ್ಪುಗಾರರು ತಲಾ ಹತ್ತರವರೆಗೆ ಅಂಕ ಕೊಡುತ್ತಿದ್ದರು; ಪೂರ್ಣಾಂಕ ೫೦. ಎತ್ತರ, ಹೊಸತನ, ನೆಗೆತದ ಚೆಲುವು, ಇವುಗಳಿಗೆ ಅಳತೆಗೋಲು ಎಲ್ಲಿದೆ? ಲೆಕ್ಕದ ಉತ್ತರಪತ್ರಿಕೆಗೂ ಪ್ರಬಂಧದ ಉತ್ತರಪತ್ರಿಕೆಗೂ ಇರುವ ಅಂತರವೇ ಇವೆರಡಕ್ಕೂ ಇರುವುದು.

ಪ್ರಬಂಧಕ್ಕೆ ಅಂಕ ಕೊಟ್ಟಾಗ ಬರುವ ದೂರುಗಳೂ ಇಲ್ಲಿ ತಪ್ಪಿಲ್ಲ. ೧೯೮೮ರಲ್ಲಿ ಷಿಕಾಗೋ ನಗರದಲ್ಲಿ ಮೈಕೇಲ್ ಜೋರ್ಡಾನನಿಗೂ ಡಾಮಿನಿಕ್ ವಿಲ್ಕಿನ್ಸನಿಗೂ ಅಂತಿಮ ಸ್ಪರ್ಧೆ. ವಿಲ್ಕಿನ್ಸ್ ಮೊದಲೆರಡರಲ್ಲಿ ಐವತ್ತಕ್ಕೆ ಐವತ್ತು ಪಡೆದ. ಕೊನೆಯದಕ್ಕೆ ತೀರ್ಪುಗಾರರು ೪೫ ಕೊಟ್ಟರು. ಜೋರ್ಡಾನ್ ಫ್ರೀ ಥ್ರೋ ಗೆರೆಯ ಬಳಿಯಿಂದ ನೆಗೆದು ೫೦ ಪಡೆದ. ೧೪೭ಕ್ಕೆ ೧೪೫, ಗೆಲುವು ಜೋರ್ಡಾನನದು. ಊರು ಜೋರ್ಡಾನನ ತವರು ಅಂಗಳವಾದ್ದರಿಂದ ತೀರ್ಪು ವಾಲಿತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಅಳತೆಗೆ ಸಿಕ್ಕದ ಈ ಸ್ಪರ್ಧೆಯೇ ೧೯೮೬ರಲ್ಲಿ ಸ್ಪಡ್ ವೆಬ್ ಎಂಬ ೫ ಅಡಿ ೭ ಅಂಗುಲದ ಆಟಗಾರನನ್ನು ಗೆಲ್ಲಿಸಿತು. ಆತ ಸೋಲಿಸಿದ್ದು ಹಿಂದಿನ ವರ್ಷದ ವಿಜೇತನೂ ತನ್ನದೇ ತಂಡದವನೂ ಆದ ವಿಲ್ಕಿನ್ಸನನ್ನು. ನಮ್ಮ ನೆರೆಮನೆಯವರಷ್ಟೇ ಎತ್ತರದ ಮನುಷ್ಯನೊಬ್ಬ ಹತ್ತು ಅಡಿ ಮೇಲಿನ ಬಳೆಗೆ ಮೇಲಿನಿಂದ ಚೆಂಡು ತುರುಕಿದಾಗ, ಅಂಕಗಣಿತವನ್ನು ಯಾರೂ ಕೇಳಲಿಲ್ಲ.

ಸ್ಪರ್ಧೆಗಳ ಮಾತು ಇಷ್ಟಿರಲಿ. ಭಾನುವಾರದ ಪಂದ್ಯದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೆನೆಯಬೇಕಾದದ್ದು ೧೯೯೨ರ ಫೆಬ್ರವರಿ ೯. ಅದಕ್ಕೆ ಮೂರು ತಿಂಗಳ ಹಿಂದೆ, ೧೯೯೧ರ ನವೆಂಬರ್ ೭ರಂದು, ಲಾಸ್ ಏಂಜಲೀಸ್ ತಂಡದ ಮ್ಯಾಜಿಕ್ ಜಾನ್ಸನ್, ತನ್ನ ರಕ್ತದಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿದೆಯೆಂದು ತಾನೇ ಬಹಿರಂಗವಾಗಿ ಹೇಳಿ ಆಟದಿಂದ ನಿವೃತ್ತನಾದ. ಆ ಸೋಂಕು ಜೊತೆಯಲ್ಲಿ ಕೂತರೆ, ಕೈ ಕುಲುಕಿದರೆ, ಬೆವರು ತಾಗಿದರೆ ಹರಡುವುದಿಲ್ಲವೆಂದು ವೈದ್ಯರು ಆಗಲೇ ತಿಳಿದಿದ್ದರು. ಜನ ನಂಬಿರಲಿಲ್ಲ. ಮೈಗೆ ಮೈ ತಾಗುವ ಆಟದಲ್ಲಿ ಅವನೊಡನೆ ಆಡುವುದೆಂತು ಎಂದು ಕೆಲವರು ಆಟಗಾರರೇ ಹಿಂಜರಿದರು. ಆದರೆ ಮತ ಹಾಕಿದ ಅಭಿಮಾನಿಗಳು, ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡದಿದ್ದ ಆತನನ್ನು ಆಲ್ ಸ್ಟಾರ್ ಬಣಕ್ಕೆ ಆರಿಸಿದರು. ಕಮಿಷನರ್ ಡೇವಿಡ್ ಸ್ಟರ್ನ್ ಒಪ್ಪಿದ. ಟಿಮ್ ಹಾರ್ಡವೇ ಎಂಬ ಆಟಗಾರ ಆರಂಭದ ಐವರಲ್ಲಿ ತನಗಿದ್ದ ಸ್ಥಾನವನ್ನು ಬಿಟ್ಟುಕೊಟ್ಟ.

ಆರ್ಲಾಂಡೋ ನಗರದಲ್ಲಿ ಪಂದ್ಯಕ್ಕೆ ಮೊದಲು ಎದುರು ಬಣದ ಆಟಗಾರರು ಬಂದು ಆತನನ್ನು ಅಪ್ಪಿಕೊಂಡರು. ಆಟದಲ್ಲಿ ಆತ ೨೫ ಅಂಕ ಗಳಿಸಿದ. ಪಶ್ಚಿಮ ಬಣ ೧೫೩–೧೧೩ರಿಂದ ಗೆದ್ದಿತು. ಕೊನೆಯ ನಿಮಿಷಗಳಲ್ಲಿ ಐಸೆಯಾ ಥಾಮಸ್, ಮೈಕೇಲ್ ಜೋರ್ಡಾನ್ ಇಬ್ಬರೂ ಸರದಿಯಲ್ಲಿ ಆತನೆದುರು ಬಂದು ನಿಂತು ಆಡಿದರು. ಹದಿನಾಲ್ಕೂವರೆ ಸೆಕೆಂಡು ಉಳಿದಿರುವಾಗ ಆತ ಥಾಮಸನ ಕೈಮೇಲಿನಿಂದ ಎಸೆದ ಮೂರು ಅಂಕದ ಚೆಂಡು ಬಳೆಗೆ ಬಿತ್ತು. ಅಲ್ಲಿಗೆ ಆಟ ನಿಂತುಹೋಯಿತು. ಉಳಿದ ಸೆಕೆಂಡುಗಳನ್ನು ಯಾರೂ ಆಡಲಿಲ್ಲ. ಎಲ್ಲರೂ ಆತನನ್ನು ಸುತ್ತುಗಟ್ಟಿದರು. ಉತ್ತಮ ಆಟಗಾರನೆಂಬ ಬಹುಮಾನವೂ ಆತನಿಗೇ ಸಂದಿತು. ಅಂದು ಕೋಟಿಗಟ್ಟಲೆ ಜನ ಕಂಡದ್ದು ಒಂದು ಪಾಠ: ಬೆವರಿದ ಮೈಯನ್ನು ಬೆವರಿದ ಮೈ ತಾಗಿದೆ, ಯಾರಿಗೂ ಏನೂ ಆಗಿಲ್ಲ. ಕರಪತ್ರಗಳಿಂದ ಆಗದಿದ್ದುದನ್ನು ಒಂದು ಆಲಿಂಗನ ಮಾಡಿತು. ಭಯವೆಲ್ಲ ಒಂದೇ ದಿನಕ್ಕೆ ಅಳಿಯಲಿಲ್ಲವೆಂಬುದೂ ನಿಜ. ಅದೇ ವರ್ಷ ಆತ ಮತ್ತೆ ತಂಡ ಸೇರಲು ಹೊರಟಾಗ ಕೆಲವರು ಆಟಗಾರರು ಆತಂಕ ತೋರಿದ್ದರಿಂದ ಹಿಂದೆ ಸರಿಯಬೇಕಾಯಿತು. ಪುನಃ ಅಂಗಳಕ್ಕಿಳಿದದ್ದು ೧೯೯೬ರಲ್ಲಿ. ಆದರೂ ಆ ಭಾನುವಾರ ಬಾಗಿಲು ತೆರೆದಿತ್ತು.

ಇಂಥ ಪಂದ್ಯಕ್ಕೂ ಕೇಡುಗಾಲ ಬಂತು. ವರ್ಷಗಳು ಕಳೆದಂತೆ ಆಟಗಾರರ ಸಂಬಳ ಬೆಳೆಯಿತು. ಪೆಟ್ಟು ಬಿದ್ದೀತೆಂಬ ಅಂಜಿಕೆಯೂ ಬೆಳೆಯಿತು. ಎದುರಾಳಿ ಚೆಂಡು ಹಿಡಿದು ಬಂದರೆ ತಡೆಯುವವರಿಲ್ಲ. ದಾರಿ ಬಿಟ್ಟು ನಿಲ್ಲುತ್ತಾರೆ. ೧೯೬೨ರಲ್ಲಿ ವಿಲ್ಟ್ ಚೇಂಬರ್ಲೇನ್ ಒಬ್ಬನೇ ಗಳಿಸಿದ್ದ ೪೨ ಅಂಕಗಳ ದಾಖಲೆ ಐವತ್ತೈದು ವರ್ಷ ಉಳಿದಿತ್ತು. ೨೦೧೭ರಲ್ಲಿ ಆಂಥನಿ ಡೇವಿಸ್ ೫೨, ೨೦೨೩ರಲ್ಲಿ ಜೇಸನ್ ಟೇಟಮ್ ೫೫ ಅಂಕ ಗಳಿಸಿದರು. ೨೦೨೪ರಲ್ಲಿ ಪೂರ್ವ ಬಣ ೨೧೧, ಪಶ್ಚಿಮ ಬಣ ೧೮೬. ಒಂದು ಬಣ ಇನ್ನೂರು ದಾಟಿದ್ದು ಅದೇ ಮೊದಲು. ಅಂಕ ಏರಿದಷ್ಟೂ ಆಸಕ್ತಿ ಇಳಿಯಿತು. ತಡೆಯಿಲ್ಲದ ಕಡೆ ಗಳಿಸಿದ ಅಂಕ ಎಲ್ಲರಿಗೂ ನೂರಕ್ಕೆ ನೂರು ಕೊಟ್ಟ ಪರೀಕ್ಷೆಯಂತೆ. ಬುದ್ಧಿವಂತನಿಗೂ ಅದರಿಂದ ಸಂತೋಷವಿಲ್ಲ.

ಕೌಶಲದ ಸ್ಪರ್ಧೆಗೂ ಈ ರೋಗ ತಟ್ಟಿತು. ೨೦೦೩ರಲ್ಲಿ ಆರಂಭವಾದ ಇನ್ನೊಂದು ಸ್ಪರ್ಧೆಯಲ್ಲಿ ಚೆಂಡನ್ನು ನೆಲಕ್ಕೆ ತಟ್ಟುತ್ತ ಅಡೆತಡೆಗಳ ನಡುವೆ ನುಸುಳಬೇಕಿತ್ತು, ಗುರಿಯಿಟ್ಟು ಚೆಂಡು ಸಾಗಿಸಬೇಕಿತ್ತು, ಬುಟ್ಟಿಗೆ ಹಾಕಬೇಕಿತ್ತು. ಯಾರು ಬೇಗ ಮುಗಿಸುತ್ತಿದ್ದರೋ ಅವರು ಮುಂದಾಗುತ್ತಿದ್ದರು. ಚುರುಕು ಕಾಲಿನ ಕುಳ್ಳರ ಸೊತ್ತೆಂದು ಭಾವಿಸಿದ್ದ ಇದನ್ನು ೨೦೧೬ರಲ್ಲಿ ಏಳು ಅಡಿಯ ಕಾರ್ಲ್ ಆಂಥನಿ ಟೌನ್ಸ್ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದ್ದುಂಟು. ಆದರೆ ೨೦೨೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಕ್ಟರ್ ವೆಂಬನ್ಯಾಮ, ಕ್ರಿಸ್ ಪಾಲ್ ಎಂಬ ಹೆಸರಾಂತ ಜೋಡಿ, ಬುಟ್ಟಿಗೆ ಗುರಿಯಿಡುವ ಗೋಜಿಗೇ ಹೋಗದೆ, ಸಮಯ ಉಳಿಸಲು ಚೆಂಡುಗಳನ್ನು ಸುಮ್ಮನೆ ಎಸೆದು ಮುಂದಕ್ಕೆ ಓಡಿತು. ನಿಯಮದ ಅಕ್ಷರದಲ್ಲಿ ಸಂದು ಹುಡುಕಿದ ಜಾಣತನ ಅದು. ತೀರ್ಪುಗಾರರು ಅದನ್ನು ನಿಜವಾದ ಎಸೆತವೆಂದು ಒಪ್ಪದೆ ಜೋಡಿಯನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಚೆಂಡು ತಪ್ಪಿದರೆ ಕ್ಷಮೆಯುಂಟು, ಪ್ರಯತ್ನ ತಪ್ಪಿದರೆ ಇಲ್ಲ ಎಂಬುದೇ ಆ ತೀರ್ಪಿನ ಸಾರ.

ಸಂಸ್ಥೆಯವರು ಕೈಕಟ್ಟಿ ಕೂತಿಲ್ಲ. ೨೦೧೮ರಲ್ಲಿ ಪೂರ್ವ ಪಶ್ಚಿಮ ಭೇದ ಬಿಟ್ಟು, ಇಬ್ಬರು ನಾಯಕರು ಆಟಗಾರರನ್ನು ಆರಿಸಿಕೊಳ್ಳುವ ಕ್ರಮ ತಂದರು. ೨೦೨೦ರಲ್ಲಿ ಇನ್ನೊಂದು ಉಪಾಯ: ಆಟದ ಕೊನೆಯ ಕಾಲುಭಾಗದಲ್ಲಿ ಗಡಿಯಾರವನ್ನೇ ತೆಗೆದುಹಾಕಿ, ಮುಂದಿರುವ ತಂಡದ ಅಂಕಕ್ಕೆ ೨೪ ಕೂಡಿಸಿ, ಆ ಗುರಿಯನ್ನು ಮೊದಲು ಮುಟ್ಟಿದವರಿಗೆ ಗೆಲುವು ಎಂದರು. ಅದಕ್ಕೆ ಕೆಲವೇ ದಿನ ಮೊದಲು ಅಪಘಾತದಲ್ಲಿ ಮಡಿದ ಕೋಬಿ ಬ್ರಯಂಟ್ ತೊಡುತ್ತಿದ್ದ ಅಂಗಿಯ ಸಂಖ್ಯೆ ೨೪. ಆ ರಾತ್ರಿ ಷಿಕಾಗೋದಲ್ಲಿ ಆಟಗಾರರು ಹಲ್ಲುಕಚ್ಚಿ ಆಡಿದರು. ಗುರಿ ೧೫೭, ಒಂದು ತಂಡ ೧೫೫ಕ್ಕೆ ನಿಂತಿತು, ಇನ್ನೊಂದು ಒಂದು ಫ್ರೀ ಥ್ರೋ ಎಸೆತದಿಂದ ಗುರಿ ಮುಟ್ಟಿತು. ಆದರೆ ಮುಂದಿನ ವರ್ಷಗಳಲ್ಲಿ ಅದೇ ನಿಯಮವಿದ್ದೂ ಆ ಕಾವು ಉಳಿಯಲಿಲ್ಲ. ಅಂದು ಅವರನ್ನು ಆಡಿಸಿದ್ದು ನಿಯಮ ಮಾತ್ರವಲ್ಲ, ಅಗಲಿದ ಗೆಳೆಯನ ಮೇಲಿನ ಗೌರವವೂ ಹೌದೆಂದು ಇದರಿಂದ ತಿಳಿಯುತ್ತದೆ. ೨೦೨೫ರಲ್ಲಿ ನಾಲ್ಕು ತಂಡಗಳ ಪುಟ್ಟ ಪಂದ್ಯಾವಳಿ, ೨೦೨೬ರಲ್ಲಿ ಅಮೆರಿಕಾದ ಎರಡು ತಂಡಗಳೂ ಹೊರದೇಶದವರ ಒಂದು ತಂಡವೂ ಸೇರಿದ ಏರ್ಪಾಡು, ಹೀಗೆ ಹುಡುಕಾಟ ಮುಂದುವರಿದಿದೆ.

ಅಂಕದ ಅಬ್ಬರವಾಗಿದ್ದ ಆ ೨೦೨೪ರ ವಾರಾಂತ್ಯದಲ್ಲಿಯೇ, ಪಂದ್ಯದ ಹಿಂದಿನ ದಿನ, ಇಂಡಿಯಾನಾಪೊಲಿಸ್ ನಗರದಲ್ಲಿ ಒಂದು 'ಬಿತ್ತು, ತಪ್ಪಿತು' ಸ್ಪರ್ಧೆ ಜನರನ್ನು ಉಸಿರು ಹಿಡಿದು ಕೂರುವಂತೆ ಮಾಡಿತು. ದೂರದ ಎಸೆತಕ್ಕೆ ಜಗತ್ಪ್ರಸಿದ್ಧನಾದ ಸ್ಟೀಫನ್ ಕರಿಗೂ, ಮಹಿಳೆಯರ ವೃತ್ತಿಪರ ತಂಡದ ಸಬ್ರೀನಾ ಯೊನೆಸ್ಕುವಿಗೂ ನೇರ ಸ್ಪರ್ಧೆ. ಈಕೆ ಹಿಂದಿನ ವರ್ಷ ಮಹಿಳೆಯರ ಸ್ಪರ್ಧೆಯಲ್ಲಿ ೪೦ಕ್ಕೆ ೩೭ ಅಂಕ ಪಡೆದಿದ್ದಳು. ಮಹಿಳೆಯರ ಕಮಾನುಗೆರೆ ಹತ್ತಿರದ್ದು, ಅಲ್ಲಿಂದಲೇ ಎಸೆಯಬಹುದಾಗಿತ್ತು. ಆಕೆ ಒಪ್ಪಲಿಲ್ಲ, ಪುರುಷರ ಗೆರೆಯಿಂದಲೇ ಎಸೆದಳು. ಯೊನೆಸ್ಕು ೨೬, ಕರಿ ೨೯. ಅದೇ ರಾತ್ರಿ ಪುರುಷರ ಸ್ಪರ್ಧೆ ಗೆದ್ದ ಡೇಮಿಯನ್ ಲಿಲಾರ್ಡ್ ಅಂತಿಮ ಸುತ್ತಿನಲ್ಲಿ ಗಳಿಸಿದ್ದೂ ೨೬ ಎಂಬುದನ್ನು ನೆನೆದರೆ ಆಕೆಯ ಸಾಧನೆ ಎಷ್ಟರದೆಂದು ತಿಳಿದೀತು. ಸುಲಭದ ಗೆರೆಯನ್ನು ಬಿಟ್ಟು ಕಷ್ಟದ ಗೆರೆಯಲ್ಲಿ ನಿಂತದ್ದರಿಂದಲೇ ಆ ಸೋಲು ಗೌರವ ಗಳಿಸಿತು.

ನಾವು ಕೇಳಿಕೊಂಡ ಪ್ರಶ್ನೆಗಳಿಗೆ ಉತ್ತರ ಇಲ್ಲಿಯೇ ಇದೆ. ಪಟ್ಟಿ ಇಲ್ಲದ ಕಡೆ ಆಟಗಾರನು ತನ್ನದೇನನ್ನಾದರೂ ಪಣವಾಗಿ ತಂದು ಇಡಬೇಕು. ೧೯೫೧ರಲ್ಲಿ ಅದು ಆಟದ ಮಾನ. ೧೯೬೪ರಲ್ಲಿ ಮುಪ್ಪಿನ ಅನ್ನ. ೧೯೯೨ರಲ್ಲಿ ಒಬ್ಬ ರೋಗಿಯ ಮನುಷ್ಯತ್ವ. ಏನನ್ನೂ ಇಡದೆ ಬರಿಗೈಯಲ್ಲಿ ಬಂದ ವರ್ಷ ಅಂಕಗಳು ಮಾತ್ರ ಉಳಿದುವು. ಆದ್ದರಿಂದ ಮುಂದೆ ಎಂದಾದರೂ ಇಂಥ ಪ್ರದರ್ಶನ ಪಂದ್ಯದ ವರದಿ ನಿಮ್ಮ ಕಿವಿಗೆ ಬಿದ್ದಾಗ, ಯಾರು ಗೆದ್ದರು, ಎಷ್ಟು ಅಂಕ ಎಂದು ಮೊದಲು ಕೇಳಬೇಡಿ. ಚೆಂಡು ಹಿಡಿದವನೆದುರು ಒಬ್ಬನಾದರೂ ಕೈಯೆತ್ತಿ ತಡೆಯಲು ನಿಂತಿದ್ದನೇ ಎಂದು ಕೇಳಿ. ನಿಂತಿದ್ದರೆ, ಆ ಆಟ ನೋಡತಕ್ಕದ್ದು.